ಗುಡ್ಡಕ್ಕೆಂದು ಕೊಂಡ ಬೂಟು

ಬೂಟಿಗೆ ಕೊಟ್ಟದ್ದು ಹನ್ನೊಂದು ನೂರು ರೂಪಾಯಿ. ಅಂಗಡಿಯವನು ಹೇಳಿದ್ದು ಹದಿನೆಂಟು ನೂರು. ಯಾದಗಿರಿಯ ಸ್ಟೇಷನ್ ಕಡೆಯ ಆ ಅಂಗಡಿಯಲ್ಲಿ ನಾನು ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಅವನು ಕರೆದ. ಮತ್ತೊಮ್ಮೆ ಏಳುವ ಹೊತ್ತಿಗೆ ಕೈಮುಗಿದು, “ಕುಂಡರ್ರಿ ಅಮ್ಮಾರ, ನೀವು ಗೆದ್ರಿ ನಾ ಸೋತೆ, ಒಯ್ರಿ” ಅಂದ. ಒಂದು ಜೊತೆ ಸಾಕ್ಸನ್ನೂ ಪುಕ್ಕಟೆ ಹಾಕಿಸಿಕೊಂಡೆ. ಆಯುಷ್ಯವೆಲ್ಲ ಹವಾಯಿ ಚಪ್ಪಲಿಯಲ್ಲಿ ಕಳೆದ ನಾನು ಅಷ್ಟು ರೊಕ್ಕ ಸುರಿದದ್ದು ಯಾಕೆಂದರೆ, ಅದು ಗುಡ್ಡ ಹತ್ತುವ ಬೂಟು. ಅಡಿಯಲ್ಲಿ ಟ್ರ್ಯಾಕ್ಟರ್ ಗಾಲಿಯಂಥ ಹಲ್ಲು, ಹಿಮ್ಮಡಿಗೆ ಮೆತ್ತನೆಯ ದಿಂಬು, ಕಾಲು ಹೊರಳದಂತೆ ಮೇಲಿನವರೆಗೂ ಬಿಗಿಯುವ ಲೇಸು. ಇಂಥ ಬೂಟು ಹಾಕಿಕೊಂಡವಳನ್ನು ಕಂಡರೆ ಗುಡ್ಡವೇ ಅರ್ಧ ಇಳಿದು ಬರಬೇಕು, ಹಾಗಿತ್ತು.

ಹೋದ ವಾರ ದೀಪಾವಳಿಗೆಂದು ಅಂಗಡಿ ಝಾಡಿಸುವಾಗ ಅಟ್ಟದಿಂದ ಆ ಡಬ್ಬಿ ಇಳಿಸಿದೆ. ಬೂಟಿನ ಒಳಗೆ ತುರುಕಿದ ಕಾಗದ ಹಾಗೇ ಇತ್ತು. ಕೊಂಡ ಮೇಲೆ ಒಂದು ದಿನವೂ ಹಾಕಿಕೊಂಡದ್ದಲ್ಲ. ಏನೋ ಹುಕಿ ಬಂದು ಸೀರೆ ಮೇಲೆತ್ತಿ ಕಾಲಿಗೇರಿಸಿ ಬಿಗಿದೆ. ಎದ್ದು ನಿಂತೆ. ಕೊಡಗಳ ಸಾಲಿನಿಂದ ಗಲ್ಲಾಪೆಟ್ಟಿಗೆಯ ತನಕ ನಡೆಯುವಷ್ಟರಲ್ಲಿ ನಾನು ಮುಂದೆ ಬಂದೆ, ಎಡಗಾಲಿನ ಬೂಟಿನ ಅಡಿ ಹಿಂದೆ ಉಳಿಯಿತು. ಬಗ್ಗಿ ನೋಡಿದರೆ ಬಲಗಾಲಿನದೂ ಬಾಯಿ ತೆರೆದಿದೆ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಕೆಳಗಿನ ಅಟ್ಟ ಅಂದರೆ ಒಲೆಯೇ. ಅಂಟು ಒಣಗಿ ಪುಡಿಯಾಗಿತ್ತು.

ನಾನು ಸ್ಟೀಲಿನ ಬಾಂಡೆ, ಪಾತ್ರೆ ಮಾರುವವಳು. ಕುಕ್ಕರ್ ಕೊಳ್ಳುವ ಹೆಣ್ಣುಮಕ್ಕಳಿಗೆಲ್ಲ ನಾನೇ ಹೇಳುತ್ತಿರುತ್ತೇನೆ: ಗ್ಯಾಸ್ಕೆಟ್ ಬಳಸಿದರೆ ಬಾಳಿಕೆ, ಎತ್ತಿಟ್ಟರೆ ಬಿರುಸಾಗಿ ಕೆಡುತ್ತದೆ. ಸಾವಿರ ಮಂದಿಗೆ ಪುಕ್ಕಟೆ ಹಂಚಿದ ಈ ಬುದ್ಧಿಯಲ್ಲಿ ನನಗೆಂದು ಒಂದು ಚೂರೂ ಇಟ್ಟುಕೊಂಡಿರಲಿಲ್ಲ.

ಶಹಾಪುರದ ಗುಡ್ಡ ನೀವು ನೋಡಿರಬಹುದು. ಊರ ಹೊರಗಿನ ರಸ್ತೆಯಲ್ಲಿ ನಿಂತರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಬಂಡೆಯದೇ. ದೂರದೂರದಿಂದ ಕಾರಿನಲ್ಲಿ ಬಂದವರು ಇಳಿದು ಫೋಟೊ ತೆಗೆದುಕೊಳ್ಳುತ್ತಾರೆ. ನಮ್ಮ ಅಂಗಡಿಯ ಕಟ್ಟೆಯಿಂದ ಬುದ್ಧ ಕಾಣುವುದಿಲ್ಲ, ಗುಡ್ಡದ ಒಂದು ಮಗ್ಗುಲು ಕಾಣುತ್ತದೆ. “ಮ್ಯಾಲ ಹೋಗಾಕ ದಾರಿ ಎಲ್ಲದರಿ?” ಎಂದು ಕೇಳಿದವರಿಗೆಲ್ಲ ನಾನು ಕೈ ತೋರಿಸಿ, ಎಲ್ಲಿ ಎಡಕ್ಕೆ ಹೊರಳಬೇಕು, ಎಲ್ಲಿ ಬಂಡೆ ಜಾರುತ್ತದೆ, ಎಷ್ಟು ನೀರು ಒಯ್ಯಬೇಕು ಎಂದು ಹೇಳಿ ಕಳಿಸುತ್ತಿದ್ದೆ. ನಾನು ಮಾತ್ರ ಹತ್ತಿದವಳಲ್ಲ. ಹತ್ತಿ ಇಳಿದು ಬಂದ ಗಿರಾಕಿಗಳು ಚಮಚ, ಲೋಟ ಕೊಳ್ಳುವಾಗ ಹೇಳಿದ್ದನ್ನೇ ಕಟ್ಟಿಟ್ಟುಕೊಂಡು ಮುಂದಿನವರಿಗೆ ದಾಟಿಸುತ್ತಿದ್ದೆ. ದಲಾಲಿ ಅಂದರೂ ನಡೆದೀತು.

ಹತ್ತದೇ ಇದ್ದದ್ದಕ್ಕೆ ಒಂದು ಕಾರಣ ಸುರಪುರದಲ್ಲಿದೆ. ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ಅಲ್ಲಿ. ಹಳೆಯ ಸೀರೆ, ಹಳೆಯ ಪ್ಯಾಂಟು ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬಗಲಲ್ಲಿ ಬಟ್ಟೆಯ ಗಂಟು. ಸುರಪುರದ ಓಣಿ ಬಲ್ಲವರಿಗೆ ಗೊತ್ತು, ಅಲ್ಲಿ ಸಪಾಟು ನೆಲ ಅಂತ ಹುಡುಕಬೇಕು. ಏರಿ ಹೋಗಿ ಒಂದು ಡಬ್ಬಿ ಕೊಟ್ಟು, ಇಳಿದು ಬಂದು ಒಂದು ತಾಟು ಕೊಟ್ಟು, ಸಂಜೆಗೆ ಮೊಳಕಾಲು ಮಾತಾಡುತ್ತಿದ್ದವು. ಹಾಗೆ ಬಾಳು ಕಟ್ಟಿಕೊಂಡವಳಿಗೆ, ತಲೆಯ ಮೇಲೆ ಬುಟ್ಟಿಯಿಲ್ಲದೆ, ಮೇಲೊಬ್ಬ ಗಿರಾಕಿಯೂ ಇಲ್ಲದೆ ಸುಮ್ಮನೆ ಗುಡ್ಡ ಹತ್ತುವವರು ಕಂಡರೆ ತುಸು ನಗು, ತುಸು ಸಿಟ್ಟು ಬರುತ್ತಿತ್ತು.

ಹತ್ತಬೇಕೆಂದವಳು ಖಾಜಾಬಿ. ನನ್ನ ಅಂಗಡಿಯ ಮಗ್ಗುಲಿಗೇ ಅವಳ ಹೊಲಿಗೆಯ ಅಂಗಡಿ. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲು ಹಚ್ಚುತ್ತಾಳೆ, ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಹೋಟೆಲಿನಿಂದ ಒಂದು ಚಹಾ ತರಿಸಿ ಎರಡು ಕಪ್ಪಿಗೆ ಹಾಕಿಕೊಳ್ಳುವುದು ನಮ್ಮ ಬಹಳ ವರ್ಷಗಳ ರೂಢಿ. ಚಹಾ ಕುಡಿಯುವಾಗ ಗುಡ್ಡದ ಕಡೆ ನೋಡಿ, “ಏಕ್ ದಿನ್ ಊಪರ್ ಜಾಕೋ ಆಯೇಂಗೆ ಅಕ್ಕಾ” ಅನ್ನುವಳು. ಒಂದು ದಿನ ಮೇಲೆ ಹೋಗಿ ಬರೋಣ. ಮನೆಯ ಮಾತು ಅವಳ ಬಾಯಿಗೆ ಬಂದರೆ ಅದು ಮನಸ್ಸಿನ ಮಾತು ಎಂದೇ ಲೆಕ್ಕ. ವ್ಯವಹಾರವೆಲ್ಲ ನನ್ನ ಜೊತೆ ಕನ್ನಡದಲ್ಲಿ.

“ಮ್ಯಾಲ ಏನದ?” ಅಂತ ನಾನು.

“ಏನದ ಅಂತ ನೋಡಾಕೇ ಹೋಗೋದು. ದಿನಾ ಸೂಜಿ ಕಣ್ಣು ನೋಡಿ ನೋಡಿ ಬ್ಯಾಸ್ರಾಗ್ಯಾದ. ಜರಾ ದೂರದ್ದು ನೋಡೂಣ.”

ಸರಿ, ಪ್ಲ್ಯಾನು ಶುರುವಾಯಿತು. ಪ್ಲ್ಯಾನಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇಸಿಗೆಯಲ್ಲಿ ಆಗದು, ಬಂಡೆ ಕಾದ ಹಂಚಾಗಿರುತ್ತದೆ. ಮಳೆಗಾಲದಲ್ಲಿ ಜಾರಿಕೆ. ಮಳೆ ನಿಂತ ಮೇಲೆ ಹುಲ್ಲು ಸೊಂಟಕ್ಕೆ ಬರುತ್ತದೆ, ಹಾವಿನ ಹೆದರಿಕೆ. ಉಳಿದದ್ದು ಚಳಿಗಾಲ. ಚಳಿಗಾಲದಲ್ಲಿ ಮದುವೆಯ ಬಾಂಡೆ ವ್ಯಾಪಾರ ಹಿಡಿದುಕೊಂಡಿರುತ್ತದೆ. ವರ್ಷದ ಹನ್ನೆರಡು ತಿಂಗಳೂ ಹೀಗೆ ಪಾತ್ರೆಯಂತೆ ಒಂದೊಂದನ್ನೇ ತಿರುವಿ, ಬಡಿದು, ದನಿ ಕೇಳಿ, ಯಾವುದರಲ್ಲಿ ಸೀಳು ಇದೆ ಎಂದು ನೋಡಿ ಪಕ್ಕಕ್ಕಿಡುತ್ತಿದ್ದೆ.

ಆಟೋದವನನ್ನು ಕೂಡ ಕರೆದು ಮಾತಾಡಿದ್ದೆ. ತಳದಲ್ಲಿ ಇಳಿಸಿ, ಕಾದು, ವಾಪಸು ತರಲು ಏನು ಕೊಡಬೇಕು ಎಂದೆ. ಅವನು, “ಅಮ್ಮಾರ, ಮ್ಯಾಲಿಂದ ಯಾವಾಗ ಇಳಿತೀರಿ ನಿಮಗಾ ಗೊತ್ತಿಲ್ಲ. ನಾ ಏನಂತ ಹೇಳ್ಲಿ?” ಅಂದ. “ಹಂಗಾದ್ರ ಕಾಯಬ್ಯಾಡ. ಕಾಯೋ ಹೊತ್ತಿನ ರೊಕ್ಕ ಕಡಿಮಿ ಮಾಡು” ಅಂದೆ. “ನೀವು ಗುಡ್ಡದಾಗ ಸಿಕ್ಕೊಂಡು ಕುಂತ್ರ?” “ಅದು ನನ್ ಹಣೇಬರ, ಅದಕ್ಕೂ ಬಾಡಿಗಿ ಹಚ್ಚತೀಯೇನು?” ಖಾಜಾಬಿ ಹೊಲಿಗೆ ನಿಲ್ಲಿಸಿ ನಕ್ಕಳು. ಆಟೋದವನು ಚೌಕಾಸಿಗೆ ಹೆದರಿ ಗಾಡಿ ಹೊಡೆದುಕೊಂಡು ಹೋದ.

ಬುತ್ತಿಯ ವಿಷಯದಲ್ಲೂ ಬಹಳ ಚರ್ಚೆಯಾಗಿತ್ತು. ಸಜ್ಜೆರೊಟ್ಟಿ, ಶೇಂಗಾ ಚಟ್ನಿ ನನ್ನದು. ಸಿಹಿಗೆ ಮಾದಲಿ ಮಾಡುತ್ತೇನೆ ಅಂದೆ.

“ಅದು ಮಲೀದಾ ಅಕ್ಕಾ. ನಮ್ ಮನ್ಯಾಗ ಉರುಸಿಗೆ ಮಾಡ್ತೀವಿ.”

“ಉರುಸಿಗರೆ ಮಾಡು, ಹುಣ್ಣಿಮಿಗರೆ ಮಾಡು. ಗೋಧಿ ಚಪಾತಿ ಪುಡಿ ಮಾಡಿ ಬೆಲ್ಲ ಹಾಕಿದ್ರ ಅದು ಮಾದ್ಲಿ. ನಮ್ಮ ಮುತ್ಯಾಂದು.”

“ನಿಮ್ ಮುತ್ಯಾ ನಮ್ ದಾದಾನ ಕಡಿಂದ ಕಲ್ತಿರ್ತಾನ.”

ಮೇಲೆ ಹೋಗಿ ತಿಂದೇ ಫೈಸಲ್ ಮಾಡೋಣ, ಯಾರದು ರುಚಿ ಎಂದು ಗುಡ್ಡವೇ ಹೇಳಲಿ ಎಂದು ಮುಗಿಸಿದೆವು.

ಇಷ್ಟೆಲ್ಲ ಆಗಿ ಪ್ಲ್ಯಾನು ನಿಂತದ್ದು ವಾರದಲ್ಲಿ. ನನ್ನ ಅಂಗಡಿಗೆ ಸೋಮವಾರ ರಜೆ, ಅವಳದಕ್ಕೆ ಶುಕ್ರವಾರ. “ಸೋಮಾರ ಹೋಗೂಣ” ಅನ್ನುವೆ ನಾನು. “ಶುಕ್ರಾರ ಅನ್ನು ಅಕ್ಕಾ, ಸೋಮಾರ ಹುಡುಗ್ಯಾರು ಬರ್ತಾರ” ಅನ್ನುವಳು. “ಶುಕ್ರಾರ ಸೂಟಿ ನಿಂದು. ನಾ ಯಾಕ ದುಕಾನ ಮುಚ್ಚಲಿ?” ಕೊನೆಗೊಮ್ಮೆ ಅವಳೇ, “ಹಂಗಾದ್ರ ಸೋಮಾರ ಏರೂಣು, ಶುಕ್ರಾರ ಇಳಿಯೂಣು. ನಡುವ ಮ್ಯಾಲೇ ಇರೂಣು” ಅಂದಿದ್ದಳು. ಅದು ನಗೆಯ ಮಾತು. ಆದರೆ ಒಂದು ದಿನದ ಬಾಗಿಲು ಮುಚ್ಚುವುದು ಯಾರು ಎಂಬುದನ್ನು ನಾನು ನಗೆಯ ಮಾತಾಗಿ ತೆಗೆದುಕೊಂಡಿರಲಿಲ್ಲ. ನಮ್ಮ ವ್ಯವಹಾರದಲ್ಲಿ ಮೊದಲು ಬಗ್ಗಿದವರ ರೇಟು ಅಲ್ಲಿಗೆ ಕುಸಿಯುತ್ತದೆ.

ಈ ವಿದ್ಯೆ ನನಗೆ ಕಲಿಸಿದವಳು ಅವ್ವ. ನಮ್ಮೂರು ಕೆಂಭಾವಿಯ ಹತ್ತಿರ. ಸಂತೆಯ ದಿನ ಅವ್ವ ಹೋಗುತ್ತಿದ್ದದ್ದು ಹೊತ್ತು ಇಳಿದ ಮೇಲೆ, ಅಂಗಡಿಯವರು ಗಂಟು ಕಟ್ಟುವ ಅವಸರದಲ್ಲಿರುವಾಗ. ಒಣಮೆಣಸಿನಕಾಯಿಯ ಘಾಟು, ಹರಿದ ಗೋಣಿಚೀಲ, ತುಳಿದ ಕೊತ್ತಂಬರಿ, ಅದರ ನಡುವೆ ಅವ್ವನ ಕೈ ನನ್ನ ಮಣಿಕಟ್ಟಿನ ಮೇಲೆ. ರೇಟು ಕೇಳುವಳು, ಅರ್ಧಕ್ಕೆ ಕೇಳುವಳು, ಬೆನ್ನು ತಿರುಗಿಸಿ ಹೊರಡುವಳು. ಹೊರಟ ಮೇಲೆ ಮಣಿಕಟ್ಟು ಬಿಗಿಯುತ್ತಿತ್ತು. “ತಿರುಗಿ ನೋಡಬ್ಯಾಡ. ನೋಡಿದಿ ಅಂದ್ರ ಕರೆಯಂಗಿಲ್ಲ.” ನಾನು ಕುತ್ತಿಗೆ ಬಿಗಿ ಹಿಡಿದು ನಡೆಯುವೆ. ಹಿಂದಿನಿಂದ “ಏ ಯವ್ವಾ, ಬಾ ಇಲ್ಲಿ” ಎಂಬ ದನಿ ಬಂತೆಂದರೆ ಅವ್ವನ ಕೈ ಸಡಿಲ. ನನಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿರಲಿಲ್ಲ.

ಒಂದು ಸಂತೆಯಲ್ಲಿ ನನಗೊಂದು ಚಪ್ಪಲಿ ಮನಸ್ಸಿಗೆ ಬಂತು. ಕೆಂಪು ಪಟ್ಟಿ, ಪಟ್ಟಿಯ ಮೇಲೆ ಒಂದು ಪ್ಲಾಸ್ಟಿಕ್ ಹಳದಿ ಹೂವು. ಕಾಲಿಗೆ ಹಾಕಿ ನೋಡಿದ್ದೂ ಆಗಿತ್ತು. ಅವ್ವ ಅರ್ಧಕ್ಕೆ ಕೇಳಿದಳು, ಬಿಚ್ಚಿಸಿದಳು, ಹೊರಟಳು. ನಡೆದೆವು. ಬೆಲ್ಲದ ಅಂಗಡಿ ದಾಟಿತು, ಬಳೆಯವರ ಸಾಲು ದಾಟಿತು, ಸಂತೆಯೇ ಮುಗಿದು ಬಂಡಿ ಬಿಟ್ಟ ಬಯಲು ಬಂತು. ಯಾರೂ ಕರೆಯಲಿಲ್ಲ. ಅವ್ವ ನಡೆಯುತ್ತಲೇ ಇದ್ದಳು, ಕೈ ಸಡಿಲಾಗಲಿಲ್ಲ. “ಮುಂದಿನ ಸಂತಿಗೆ ಅವನೇ ಕರಿತಾನ ನೋಡು” ಅಂದಳು. ಮುಂದಿನ ಸಂತೆಗೆ ಆ ಚಪ್ಪಲಿಯವನು ಬರಲೇ ಇಲ್ಲ. ಆ ಚಪ್ಪಲಿಯನ್ನು ನಾನು ಈಗಲೂ ಬಲ್ಲೆ, ಹೂವಿನ ಎಸಳು ಸಮೇತ. ಆದರೆ ಅದರಿಂದ ಕಲಿಯಬೇಕಾದ್ದನ್ನು ಕಲಿತೆನೇ ಎಂದರೆ, ಇಲ್ಲ. ಕರೆದವರ ಕಥೆಗಳೇ ತಲೆಯಲ್ಲಿ ಉಳಿದವು, ಕರೆಯದವನ ಕಥೆ ಕಾಲಿನಲ್ಲಿ ಉಳಿಯಿತು.

ಮೂರು ವರ್ಷದ ಹಿಂದಿನ ಚಳಿಗಾಲ. ಖಾಜಾಬಿ ಒಂದು ದಿನ ನನ್ನ ಹೊಸ್ತಿಲಿಗೆ ಬಂದು ನಿಂತಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಅಕ್ಕಾ, ಬರೋ ಶುಕ್ರಾರ. ನಸುಕಿನ ನಮಾಜ್ ಮುಗಿಸಿ ಹೊಂಡೂಣು. ಸೊಸಿಗೆ ಹೇಳೀನಿ, ಮನಿ ಆಕಿ ನೋಡ್ಕೊಂತಾಳ.”

ಎದುರಿಗೆ ಗಿರಾಕಿ ಇರಲಿಲ್ಲ. ವ್ಯಾಪಾರವೂ ಅಂಥದ್ದೇನಿರಲಿಲ್ಲ. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

“ಸೋಮಾರ ಆದ್ರ ಬರ್ತೀನಿ. ಇಲ್ಲಂದ್ರ ಬಿಡು.”

“ಈ ಸಲ ಶುಕ್ರಾರ ಬಾ ಅಕ್ಕಾ. ಮುಂದಿನ ಸಲ ಸೋಮಾರ ಹೋಗೂಣು.”

ನಾನು ಬೆನ್ನು ತಿರುಗಿಸಿ ಡಬ್ಬಿಗಳನ್ನು ಒರೆಸತೊಡಗಿದೆ. ಒರೆಸುವಂಥ ಧೂಳು ಅದರ ಮೇಲಿರಲಿಲ್ಲ. ಹಿಂದೆ ಅವಳು ನಿಂತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಸ್ಟೀಲಿನ ಡಬ್ಬಿಯಲ್ಲಿ ಅವಳ ಹಸಿರು ಸೀರೆ ಉದ್ದಕ್ಕೆ ಬಾಗಿ ಕಾಣುತ್ತಿತ್ತು. ಕರೆಯುತ್ತಾಳೆ ಅಂದುಕೊಂಡೆ. ಇಷ್ಟು ವರ್ಷದಲ್ಲಿ ಯಾವ ಮಾತಿಗೆ ಕರೆದಿರಲಿಲ್ಲ?

“ಆತು ಬಿಡಕ್ಕ” ಅಂದಳು. ಡಬ್ಬಿಯ ಮೇಲಿನ ಹಸಿರು ಹೋಯಿತು.

ಮಾರನೆಯ ದಿನ ಎಂದಿನಂತೆ ಒಂದು ಚಹಾ, ಎರಡು ಕಪ್ಪು. ಗುಡ್ಡದ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆಗೆಯುವಾಗ ಹಾಲಿನವನು ಹೇಳಿದ: “ನಿಮ್ ಬಾಜೂಕಿನ ಟೇಲರಮ್ಮ ಹುಡುಗ್ಯಾರ್ನ ಕಟ್ಗೊಂಡು ಗುಡ್ಡಕ್ಕ ಹೊಂಟಾಳ್ರಿ. ನೀವು ಹೋಗಲಿಲ್ಲೇನು?” “ನಂದು ವ್ಯಾಪಾರ ಅದ” ಅಂದೆ. ಆ ದಿನ ನಾನು ಒಂದು ಕೆಲಸ ಮಾಡಿದೆ. ನನ್ನ ಸ್ಟೂಲು ಯಾವಾಗಲೂ ರಸ್ತೆಯ ಕಡೆಗೆ, ಅಂದರೆ ಗುಡ್ಡದ ಕಡೆಗೆ ಮುಖ ಮಾಡಿ ಇರುತ್ತದೆ. ಅದನ್ನು ಎತ್ತಿ ತಿರುವಿ ಹಾಕಿ, ಗೋಡೆಯ ಕಡೆ ಮುಖ ಮಾಡಿ, ಸಂಜೆಯ ತನಕ ಚಮಚಗಳನ್ನು ಡಜನ್ ಲೆಕ್ಕದಲ್ಲಿ ಕಟ್ಟುತ್ತ ಕೂತೆ. ಬಂದ ಗಿರಾಕಿ ನನ್ನ ಬೆನ್ನನ್ನು ಮಾತಾಡಿಸಬೇಕಾಯಿತು. ಎಳೆಯದರಲ್ಲಿ ಮಣಿಕಟ್ಟು ಬಿಗಿದ ಅವ್ವನ ಕೈ, ನೋಡಿ, ಇಷ್ಟು ವಯಸ್ಸಾದರೂ ಬಿಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಖಾಜಾಬಿ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು. ಕೈಯಲ್ಲಿ ನನ್ನದೇ ಅಂಗಡಿಯ ಡಬ್ಬಿ.

“ಮಲೀದಾ. ನಿನ್ ಪಾಲು ತೆಗೆದಿಟ್ಟಿದ್ದೆ.”

ಡಬ್ಬಿ ತೆಗೆದುಕೊಂಡೆ. ಅವಳು ನಿಂತೇ ಇದ್ದಳು. ಅವಳು ನಿಂತದ್ದು ನಾನೇನಾದರೂ ಕೇಳಲಿ ಎಂದು. ಅದು ನನಗೆ ಆಗಲೇ ಗೊತ್ತಾಗಿತ್ತು. ಕೇಳಿದೆ.

“ಆಟೋದಾವ ಎಷ್ಟು ತಗೊಂಡ?”

ಹೇಳಿದಳು.

“ಜಾಸ್ತಿ ಕೊಟ್ಟಿ” ಅಂದೆ.

ಅವಳು ಸೀರೆಯಿಂದ ಒಂದು ಮುಳ್ಳು ಕಿತ್ತು, ನೋಡಿ, ಕೆಳಗೆ ಹಾಕಿ ಹೋದಳು. ಮಲೀದಾ ಚೆನ್ನಾಗಿತ್ತು. ಹಾಗೆಂದು ಅವಳಿಗೆ ಹೇಳಲಿಲ್ಲ, ರೇಟು ಏರೀತೆಂದು.

ಬೂಟು ಬಂದದ್ದು ಇದಾದ ಒಂದೆರಡು ತಿಂಗಳಿಗೆ, ಮಾಲು ತರಲು ಯಾದಗಿರಿಗೆ ಹೋದಾಗ. ನಮ್ಮ ವ್ಯವಹಾರದಲ್ಲಿ ತಪ್ಪಾಯಿತು ಎಂದು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ಮುಂಗಡ ಕೊಡುತ್ತೇವೆ. ಬೂಟು ನನ್ನ ಮುಂಗಡ. ಅವಳೆದುರಿಗೆ ಡಬ್ಬಿ ತೆರೆದು, “ಬರೋ ಚಳಿಗಾಲಕ್ಕ, ಶುಕ್ರಾರಾದ್ರೂ ಸೈ” ಅಂದೆ. ಅಷ್ಟನ್ನಾಡಲು ನನಗೆ ಯಾದಗಿರಿಯ ತನಕ ಹೋಗಿ ಬರಬೇಕಾಯಿತು. ಅವಳು ಬೂಟಿನ ಒಳಗೆ ಕೈಹಾಕಿ ಹೊಲಿಗೆ ನೋಡಿ, “ದಾರ ಛಲೋ ಅದ. ಅಂಟು ನಂಗ ತಿಳಿಯಂಗಿಲ್ಲ” ಅಂದು, ಆಮೇಲೆ ನಕ್ಕಳು. “ಈಗೇ ಹೋಗೂಣಲ್ಲ, ಇನ್ನೂ ಥಂಡಿ ಅದ.” “ಮದುವಿ ಸೀಜನ್ ಮುಗೀಲಿ” ಅಂದೆ.

ಸೀಜನ್ ಮುಗಿಯಿತು, ಬೇಸಿಗೆ ಬಂತು. ಮಳೆಗಾಲದ ಹೊತ್ತಿಗೆ ಖಾಜಾಬಿಯ ಮೊಳಕಾಲು ಬಾತುಕೊಂಡವು. ವರ್ಷಾನುಗಟ್ಟಲೆ ತುಳಿದ ಹೊಲಿಗೆ ಯಂತ್ರ. ಕಲಬುರಗಿಯ ಡಾಕ್ಟರು ಮೆಟ್ಟಿಲು ಹತ್ತಬೇಡ, ನೆಲಕ್ಕೆ ಕೂಡಬೇಡ ಎಂದರಂತೆ. ಯಂತ್ರಕ್ಕೆ ಮೋಟರ್ ಕೂಡಿಸಿದಳು. ಮೋಟರಿನ ರೇಟು ನಾನೇ ಮುರಿದು ಕೊಡಿಸಿದೆ. ಅದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಈಗಲೂ ಮಗ್ಗುಲಿಗೇ ಇದ್ದಾಳೆ, ಹೊಲಿಯುತ್ತಾಳೆ, ಒಂದು ಚಹಾ ಎರಡು ಕಪ್ಪು ನಡೆದಿದೆ. ಗುಡ್ಡವೂ ಎದುರಿಗೇ ಇದೆ. ನನ್ನ ಮೊಳಕಾಲಿಗೆ ಇನ್ನೂ ಏನೂ ಆಗಿಲ್ಲ. “ನೀ ಹೋಗಿ ಬಾ ಅಕ್ಕಾ” ಅಂತ ಅವಳು ಎರಡು ಚಳಿಗಾಲ ಹೇಳಿದಳು. ಒಬ್ಬಳೇ ಹೋಗುವುದಕ್ಕೆ ಕಾಲು ಏಳಲಿಲ್ಲ.

ಹೋದ ವಾರ ಅಡಿ ಕಳಚಿದ ಬೂಟನ್ನು ಒಂದು ಕೈಯಲ್ಲಿ, ಅಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವಳ ಅಂಗಡಿಗೆ ಹೋದೆ. ಕನ್ನಡಕ ಮೇಲೇರಿಸಿ ನೋಡಿದಳು. ಅಡಿಯನ್ನು ಬೆರಳಿನಿಂದ ಒತ್ತಿದಳು, ಪುಡಿ ಉದುರಿತು.

“ಎಷ್ಟು ಕೊಟ್ಟಿದ್ದಿ?”

“ಹನ್ನೊಂದು ನೂರು.”

“ಜಾಸ್ತಿ ಕೊಟ್ಟಿ ಅಕ್ಕಾ.”

ನಕ್ಕೇ ಹೇಳಿದಳು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ, ಆ ಸಂಜೆ ಹೊಸ್ತಿಲಲ್ಲಿ ನಿಲ್ಲಿಸಿ ಕೇಳಬೇಕಾಗಿದ್ದನ್ನು ಸ್ಟೂಲೆಳೆದು ಕೂತು ಕೇಳಿದೆ. “ಮ್ಯಾಲ ಏನಿತ್ತು?”

ಮೋಟರ್ ನಿಲ್ಲಿಸಿದಳು. “ಬುದ್ಧ ಇರಲಿಲ್ಲ. ಮ್ಯಾಲ ಹೋದ್ರ ಮೂಗೂ ಇಲ್ಲ, ಗದ್ದಾನೂ ಇಲ್ಲ, ಬರೀ ಬಂಡೆಗಲ್ಲು. ಹುಡುಗ್ಯಾರು ಎಲ್ಲದಾನ ಎಲ್ಲದಾನ ಅಂತ ಹುಡುಕ್ಯಾಡಿದ್ರು. ಗಾಳಿ ಬಾಳ ಇತ್ತು. ಕೆಳಗ ಊರು ನೋಡಿದೆ. ಮನಿ, ಗದ್ದಿ, ಕೆನಾಲು. ನಮ್ ದುಕಾನ ಯಾವ್ದಂತ ತಿಳೀಲಿಲ್ಲ. ಆದ್ರೂ ಈ ಕಡಿಗೇ ಇರ್ಬೇಕಂತ ಅಂದಾಜು ಮಾಡಿ ಸೆರಗು ಬಿಚ್ಚಿ ಬೀಸಿದೆ. ಹುಡುಗ್ಯಾರು ನಕ್ರು, ಯಾರಿಗೆ ಬೀಸಾಕತ್ತೀರಿ ಅಂತ. ನಮ್ಮಕ್ಕ ಸ್ಟೂಲ್ ಮ್ಯಾಲ ಇಕಡಿ ಮಾರಿ ಮಾಡಿ ಕುಂತಿರ್ತಾಳ, ಆಕಿಗೆ ಅಂದೆ.”

ನಾನು ಹಾಗೆ ಕೂತಿರಲಿಲ್ಲ ಎಂದು ಅವಳಿಗೆ ಹೇಳಿಲ್ಲ. ನಿಮಗೆ ಹೇಳಿದ್ದೇನೆ.

ನೀವು ಆ ಗುಡ್ಡಕ್ಕೆ ಹೋಗುವವರಿದ್ದರೆ ಇಷ್ಟು ಕೇಳಿ. ಚಳಿಗಾಲದಲ್ಲೇ ಹೋಗಿ, ನಸುಕಿನಲ್ಲೇ ಹೊರಡಿ. ಬಿಸಿಲೇರಿದ ಮೇಲೆ ಬಂಡೆ ಕೈ ಮುಟ್ಟಿಸಿಕೊಳ್ಳುವುದಿಲ್ಲ. ನೀರು ಇಷ್ಟು ಸಾಕು ಅನ್ನಿಸಿದ್ದಕ್ಕಿಂತ ದುಪ್ಪಟ್ಟು ಒಯ್ಯಿರಿ, ಮೇಲೆ ಯಾರೂ ಮಾರುವುದಿಲ್ಲ. ಅನ್ನ ಕಟ್ಟಿಕೊಳ್ಳಬೇಡಿ, ಹಳಸುತ್ತದೆ; ಮಾದಲಿ ಕಟ್ಟಿಕೊಳ್ಳಿ, ಅಥವಾ ಮಲೀದಾ. ಆಟೋದವನಿಗೆ ಹೋಗಿ ಬರುವ ಬಾಡಿಗೆ ಮೊದಲೇ ಮಾತಾಡಿ, ಆದರೆ ಅವನು ಗಾಡಿ ಹೊಡೆದುಕೊಂಡು ಹೋಗುವಷ್ಟು ಮಾತಾಡಬೇಡಿ. ಬೂಟು ಕೊಳ್ಳುವುದಾದರೆ ಸಂಜೆ ಕೊಳ್ಳಿ, ಆಗ ಕಾಲು ತುಸು ಊದಿರುತ್ತದೆ, ಅಳತೆ ಸರಿಯಾಗುತ್ತದೆ. ಕೊಂಡ ದಿನವೇ ಹಾಕಿಕೊಂಡು ಮನೆ ತುಂಬ ತಿರುಗಾಡಿ, ಅಟ್ಟಕ್ಕೆ ಏರಿಸಬೇಡಿ. ಜೊತೆಯವರು ಶುಕ್ರವಾರ ಅಂದರೆ ಶುಕ್ರವಾರ.

ಇನ್ನು, ನಿಮ್ಮವರು ಹತ್ತಿಹೋಗಿ ನೀವು ಕೆಳಗೇ ಉಳಿಯುವ ಪ್ರಸಂಗ ಬಂದರೆ, ಸ್ಟೂಲನ್ನು ಗುಡ್ಡದ ಕಡೆಗೆ ತಿರುಗಿಸಿ ಹಾಕಿಕೊಂಡು ಕೂತುಕೊಳ್ಳಿ.